ಬಸಿದ ನೀರು

ಚಿಕ್ಕಬಳ್ಳಾಪುರ
8 ಮಾರ್ಚ್ 2025

ಅತ್ತಿಗೆ,

ಊಟದ ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ ಕಾಗದ ಕಂಡು ಗಾಬರಿಯಾಗಬೇಡಿ. ಕೆಟ್ಟ ಸುದ್ದಿಯೇನೂ ಇಲ್ಲ. ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ವಾಪಸು ಕಳಿಸಬಾರದೆಂದು ಅಮ್ಮ ಹೇಳಿ ಹೇಳಿ ಅದು ನನ್ನ ಕೈಗೆ ಅಂಟಿಕೊಂಡುಬಿಟ್ಟಿದೆ. ನಗರಗೆರೆಯ ಮನೆಯಲ್ಲಾಗಿದ್ದರೆ ಒಂದು ಹಿಡಿ ಸಕ್ಕರೆಯೋ ಒಂದಿಷ್ಟು ಹುಣಸೆಹಣ್ಣೋ ಹಾಕಿ ಕೊಡುತ್ತಿದ್ದೆ. ಆಸ್ಪತ್ರೆಯಲ್ಲಿ ಏನು ಹಾಕಲಿ? ಇಲ್ಲಿನ ಯಾವ ವಸ್ತುವೂ ಬಾಣಂತಿ ಇರುವ ಮನೆಗೆ ಹೋಗುವಂಥದ್ದಲ್ಲ. ಡಬ್ಬಿಗಳನ್ನು ತೊಳೆದು ಒರೆಸಿ, ಮತ್ತೊಮ್ಮೆ ಒರೆಸಿ, ಕೊನೆಗೆ ಕಾಗದ ಹೊಳೆಯಿತು.

ಅಣ್ಣ ಚೆನ್ನಾಗಿದ್ದಾನೆ. ಕಾಮಾಲೆ ಇಳಿಯುತ್ತಿದೆ. ನಿಧಾನಕ್ಕೆ ಇಳಿಯುವ ಕಾಯಿಲೆ, ಇನ್ನೂ ಸ್ವಲ್ಪ ದಿನ ಇಲ್ಲೇ ಇರಬೇಕು ಎಂದಿದ್ದಾರೆ. ಐಟಿಐಯಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡುವವನಿಗೆ ಸುಮ್ಮನೆ ಮಲಗಿರಲು ಬರುತ್ತದೆಯೇ? ಇಡೀ ದಿನ ಮೇಲಿನ ಫ್ಯಾನಿನ ಸದ್ದು ಕೇಳಿಸಿಕೊಂಡು ಅದರ ಕಾಯಿಲೆ ಏನೆಂದು ಹೇಳುತ್ತಿರುತ್ತಾನೆ. ನಿನ್ನೆ ನರ್ಸ್, “ಮೇಷ್ಟ್ರೇ, ಮೊದಲು ಕೈ ಚಾಚಿ. ಫ್ಯಾನ್ ಆಮೇಲೆ ರಿಪೇರಿ ಮಾಡೋಣ” ಅಂದರು.

ಕಿಟಕಿಯಲ್ಲಿ ಕಳವಾರ ಬೆಟ್ಟ ಕಾಣುತ್ತದೆ. ಪಕ್ಕದ ಹಾಸಿಗೆಯಲ್ಲಿ ಅನಂತರಾಮಯ್ಯ ಎನ್ನುವ ನಿವೃತ್ತ ಗುಮಾಸ್ತರಿದ್ದಾರೆ. ಅವರ ಹೆಂಡತಿ ಸಾವಿತ್ರಮ್ಮ ನನಗೆ ಜೊತೆ. ನಿಮ್ಮ ಕಂಡಕ್ಟರ್ ಮೋಹನ್‌ಬಾಬು ಚಿಕ್ಕಪ್ಪ ಬಸ್‌ಸ್ಟ್ಯಾಂಡಿನಲ್ಲಿ ಕ್ಯಾರಿಯರ್ ಕೊಡುವಾಗ, “ಏನಮ್ಮಾ ತನುಜಮ್ಮ, ನಮ್ಮ ಅಳಿಯ ಟಿಕೆಟ್ ಇಲ್ದೆ ಎಷ್ಟು ದಿನ ಸೀಟ್ ಹಿಡ್ಕೊಂಡಿರ್ತಾರೆ?” ಎಂದು ಕೇಳಿದರು. ಸುಮ್ಮನೆ ನಕ್ಕೆ.

ವಿಡಿಯೋ ಕಾಲ್ ಕೇಳಿದ್ದಿರಂತೆ. ವಾರ್ಡಿನಲ್ಲಿ ನೆಟ್‌ವರ್ಕ್ ಸರಿಯಿಲ್ಲ ಅತ್ತಿಗೆ.

ಪಾಪುಗೆ ಅತ್ತೆಯ ಮುತ್ತು.

ತನುಜ


ಶಿಡ್ಲಘಟ್ಟ
10 ಮಾರ್ಚ್

ತನು,

ಎಂ.ಎ. ಕನ್ನಡ ಮಾಡಿದವಳು ಇಷ್ಟು ಚಿಕ್ಕ ಕಾಗದ ಬರೆಯುವುದಾ? ನಾನು ಅದನ್ನು ನಾಲ್ಕು ಸಲ ಓದಿದೆ. ಈ ಕೋಣೆಯಲ್ಲಿ ಓದುವುದಕ್ಕೆ ಬೇರೆ ಏನಿದೆ? ಕಿಟಕಿ ಮುಚ್ಚಿದ್ದಾರೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಸಂಜೆಗೆ ಸಾಂಬ್ರಾಣಿ ಹೊಗೆ. ಫೋನು ಅಮ್ಮನ ಸೊಂಟದಲ್ಲಿ. “ಬಾಣಂತೀಲಿ ಫೋನ್ ನೋಡಿದ್ರೆ ನಲವತ್ತಕ್ಕೇ ಕಣ್ಣು ಹೋಗ್ತದೆ, ನನ್ನ ಮಾತು ಕೇಳು” ಅಂತ ನಮ್ಮಮ್ಮ ಆಂಜಿನಮ್ಮನವರ ಆರ್ಡರ್. ಸಂಜೆ ಎರಡು ನಿಮಿಷ ಸ್ಪೀಕರ್ ಹಾಕಿ ಕೊಡುತ್ತಾಳೆ, ಅದೂ ಎದುರಿಗೇ ಕೂತುಕೊಂಡು. ನಿಮ್ಮಣ್ಣ “ಹೂಂ, ಊಟ ಆಯ್ತು, ನೀನು ಮಲಕ್ಕೋ” ಎನ್ನುತ್ತಾರೆ. ಸಂಜೆ ಆರಕ್ಕೇ ಮಲಗುವುದಾ?

ಪಾಪು ಚೆನ್ನಾಗಿದ್ದಾಳೆ. ಹಾಲು ಕುಡಿಯುತ್ತಾಳೆ, ಮಲಗುತ್ತಾಳೆ, ಮತ್ತೆ ಹಾಲು. ಅವಳಿಗೆ ಬೇರೆ ಕೆಲಸವಿಲ್ಲ. ಮೂಗು ನಿಮ್ಮಣ್ಣನದೇ. ಪಾಪ, ಹೆಣ್ಣುಮಗು.

ಒಂದು ಕೇಳುತ್ತೇನೆ. ಕಾಮಾಲೆಗೆ ಕಣ್ಣು ಹಳದಿಯಾಗುತ್ತದೆ, ಸರಿ. ಕಾಲಿನ ಊತ ಇಳಿಯಿತಾ? ಪಾಪುವನ್ನು ನೋಡಲು ಬಂದಾಗ ಅವರ ಚಪ್ಪಲಿಯ ಪಟ್ಟಿ ಪಾದದಲ್ಲಿ ಹೂತುಹೋಗಿತ್ತು. ಕೇಳಿದ್ದಕ್ಕೆ ಬಸ್ಸಲ್ಲಿ ನಿಂತು ಬಂದೆ ಅಂದರು.

ಇವತ್ತಿನಿಂದ ಬಸ್ಸಾರು ಕಳಿಸುತ್ತಿದ್ದೇವೆ. ಕಾಮಾಲೆಗೆ ಸೊಪ್ಪು ಒಳ್ಳೆಯದು ಅಂತ ಎದುರು ಮನೆಯವರೂ ಹೇಳಿದರು. ದಂಟಿನ ಸೊಪ್ಪು ಬಸಿದ ಸಾರು, ಅದರದೇ ಪಲ್ಯ, ಮುದ್ದೆ. ಖಾರ ಕಡಿಮೆ. ಎಳನೀರನ್ನೂ ಇಟ್ಟಿದ್ದೇವೆ. ಉಳಿಸಿದರೆ ನನಗೆ ಗೊತ್ತಾಗುತ್ತದೆ ಎಂದು ಹೇಳು.

ಸೌಜನ್ಯ


ಚಿಕ್ಕಬಳ್ಳಾಪುರ
11 ಮಾರ್ಚ್

ಅತ್ತಿಗೆ,

ಈ ಕಾಗದ ನಿಮ್ಮನ್ನು ತಲುಪುವುದಿಲ್ಲ. ಬರೆದು ನನ್ನ ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತೇನೆ. ಚಪ್ಪಲಿಯ ಪಟ್ಟಿಯ ವಿಷಯ ಓದಿದ ಮೇಲೆ ಕೂತಲ್ಲಿ ಕೂರಲು ಆಗುತ್ತಿಲ್ಲ.

ಅಣ್ಣನಿಗೆ ಕಾಮಾಲೆಯಲ್ಲ. ಎರಡು ಕಿಡ್ನಿಯೂ ಕೆಲಸ ನಿಲ್ಲಿಸಿವೆ. ಅವನ ಕತ್ತಿನ ಪಕ್ಕದಲ್ಲಿ ಒಂದು ಟ್ಯೂಬ್ ಹಾಕಿದ್ದಾರೆ. ವಾರದಲ್ಲಿ ಮೂರು ಸಲ ಅದರ ಮೂಲಕ ರಕ್ತವನ್ನು ಹೊರಗೆ ತೆಗೆದು, ಮೆಷಿನ್ನಿನಲ್ಲಿ ತೊಳೆದು ಒಳಗೆ ಬಿಡುತ್ತಾರೆ. ವಿಡಿಯೋ ಕಾಲ್ ಬೇಡವೆಂದದ್ದು ಆ ಟ್ಯೂಬಿಗಾಗಿ. ನೆಟ್‌ವರ್ಕ್ ಚೆನ್ನಾಗಿಯೇ ಇದೆ.

ನಿಮಗೆ ಹೇಳಬಾರದೆಂದು ಅಮ್ಮ ಮೊದಲ ದಿನವೇ ಹೇಳಿದರು. “ಹಸಿ ಬಾಣಂತಿ ಕಣೇ. ಕೇಳಿದ ತಕ್ಷಣ ಎದೆಹಾಲು ಬತ್ತೋಗುತ್ತೆ. ಆ ಮಗು ಗತಿ ಏನು?” ಅಣ್ಣನೂ ಹೂಂ ಅಂದ. ಕಾಮಾಲೆ ಎಂಬ ಹೆಸರನ್ನು ಇಟ್ಟವನೂ ಅವನೇ. ನಾನು ಏನೂ ಹೇಳಲಿಲ್ಲ. ಮನೆಯಲ್ಲಿ ಯಾವತ್ತೂ ನಾನು ಏನೂ ಹೇಳುವುದಿಲ್ಲ, ಅದನ್ನೇ ಎಲ್ಲರೂ ಒಪ್ಪಿಗೆ ಎಂದುಕೊಳ್ಳುತ್ತಾರೆ.

ಅವನಿಗೆ ಸೊಪ್ಪು, ಎಳನೀರು, ಬಾಳೆಹಣ್ಣು ಕೊಡಬಾರದು. ಆಹಾರದ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಎಳನೀರನ್ನು ನಾನು ಕುಡಿದೆ. ಸೊಪ್ಪಿನ ಪಲ್ಯವನ್ನು ಸಾವಿತ್ರಮ್ಮನವರಿಗೆ ಕೊಟ್ಟೆ, ಬೆರಳು ನೆಕ್ಕಿಕೊಂಡು ತಿಂದರು. ಮುದ್ದೆ ನನಗೆ. ಅಣ್ಣನಿಗೆ ಅನ್ನಕ್ಕೆ ಬರೀ ಸಾರು ಹಾಕಿದೆ. ಒಂದು ಎಲೆಯ ಚೂರೂ ಹೋಗದ ಹಾಗೆ ಟೀ ಸೋಸುವ ಜಾಲರಿಯಲ್ಲಿ ಸೋಸಿ ಹಾಕಿದೆ. ಅವನಿಗೆ ದಿನಕ್ಕೆ ಇಷ್ಟೇ ನೀರು ಎಂದು ಲೆಕ್ಕವಿದೆ, ಸಾರನ್ನು ಅದರಲ್ಲಿ ಕಳೆದೆ.

ಆಸ್ಪತ್ರೆಗೆ ಸೇರಿದ ಮೇಲೆ ಅವನು ಮೊದಲ ಸಲ ತಟ್ಟೆ ಖಾಲಿ ಮಾಡಿದ. “ಸೌಜಿ ಕೈದೇ ಇದು” ಅಂದ. ಬಾಣಂತಿ ಅಡುಗೆಮನೆಗೆ ಹೋಗ್ತಾರೇನೋ ಎಂದು ನಾನು ನಕ್ಕೆ. ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಸಾರು ಕೊಡಬಹುದೇ ಎಂದು ಡಾಕ್ಟರನ್ನು ಒಂದು ಮಾತು ಕೇಳೋಣ ಅನ್ನಿಸಿತ್ತು. ಅವರ ಹಿಂದೆ ಐದಾರು ಜನ ನಿಂತಿದ್ದರು. ಸಾರಿನ ವಿಷಯ ಕೇಳಿದರೆ ನಕ್ಕಾರು ಅನ್ನಿಸಿ ಬಿಟ್ಟೆ.

ತನುಜ


ಚಿಕ್ಕಬಳ್ಳಾಪುರ
12 ಮಾರ್ಚ್

ಅತ್ತಿಗೆ,

ಅಣ್ಣ ಆರಾಮಾಗಿದ್ದಾನೆ. ಊತ ಇಳಿದಿದೆ, ಕಣ್ಣಿನ ಹಳದಿಯೂ ಕಡಿಮೆಯಾಗಿದೆ. ನಿಮ್ಮ ಮನೆಯ ಬಸ್ಸಾರು ಅವನಿಗೆ ಬಹಳ ಹಿಡಿಸಿದೆ. ಡಬ್ಬಿಯ ತಳ ಕಾಣುವವರೆಗೆ ಬಿಡಲಿಲ್ಲ.

ನೀವು ಚೆನ್ನಾಗಿ ಊಟ ಮಾಡಿ. ಪಾಪುಗೆ ಹಾಲು ಸಾಕಾಗಬೇಕಲ್ಲ.

ತನುಜ


ಶಿಡ್ಲಘಟ್ಟ
15 ಮಾರ್ಚ್

ತನು,

ತಳ ಕಾಣುವವರೆಗೆ ಬಿಡಲಿಲ್ಲ ಎಂಬ ಒಂದು ಸಾಲಿಗಾಗಿ ನಿನಗೆ ಏನು ಬೇಕಾದರೂ ಕೊಡುತ್ತೇನೆ. ನಿಜ ಹೇಳಲಾ? ಯಾರಿಗೂ ಹೇಳಬೇಡ, ಮುಖ್ಯವಾಗಿ ನಿಮ್ಮಮ್ಮನಿಗೆ. ಆ ಸಾರು ಮಾಡುತ್ತಿರುವುದು ನಾನು. ಬೆಳಿಗ್ಗೆ ಅಮ್ಮ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗುತ್ತಾಳೆ. ಅವಳು ಆ ಕಡೆ ಹೋದಳೆಂದರೆ ಈ ಕಡೆ ನಾನು ತಲೆಬಟ್ಟೆ ಬಿಗಿದುಕೊಂಡು ಒಲೆಯ ಮುಂದೆ ಇರುತ್ತೇನೆ. ಅಮ್ಮ ಬಂದು ರುಚಿ ನೋಡಿ, “ಇವತ್ತು ನಾನಿಟ್ಟ ಸಾರು ಎಷ್ಟು ಚೆನ್ನಾಗಿದೆ ನೋಡೇ” ಎನ್ನುತ್ತಾಳೆ! ಬೇಳೆ ಸೊಪ್ಪು ಬೇಯಲು ಇಟ್ಟಿದ್ದಷ್ಟೇ ಅವಳು. ಬಸಿದು, ಖಾರ ರುಬ್ಬಿ, ಒಗ್ಗರಣೆ ಹಾಕಿದ್ದೆಲ್ಲ ನಾನು.

ಬಸಿಯುವ ನೀರು ಚೆನ್ನಾಗಿ ಕಟ್ಟಿ ಬರಲಿ ಅಂತ ಅವಳು ಇಟ್ಟಷ್ಟೇ ಸೊಪ್ಪನ್ನು ಮತ್ತೆ ಸೇರಿಸಿ ಎರಡು ಪಟ್ಟು ಮಾಡುತ್ತಿದ್ದೇನೆ. ಸತ್ವವೆಲ್ಲ ಅದರಲ್ಲೇ ತಾನೇ ಇರುವುದು.

ನನಗೆ ಈಗ ಆ ಒಂದು ಹೊತ್ತು ಬಿಟ್ಟರೆ ಏನೂ ಬೇಕಿಲ್ಲ ತನು. ಅವರ ಕೈ ಹಿಡಿಯಲಾಗದಿದ್ದರೂ ಹೊಟ್ಟೆಗೆ ಏನೋ ಹೋಗುತ್ತಿದೆಯಲ್ಲ. ನಾಮಕರಣಕ್ಕೆ ಅವರು ನಡೆದುಕೊಂಡು ಬರಬೇಕು, ಅಷ್ಟೇ.

ಸೌಜನ್ಯ


ಚಿಕ್ಕಬಳ್ಳಾಪುರ
18 ಮಾರ್ಚ್

ಅತ್ತಿಗೆ,

ಇದನ್ನೂ ಕಳಿಸುವುದಿಲ್ಲ.

ನಿನ್ನೆ ಬೆಳಿಗ್ಗೆ ಅಣ್ಣ ಬಾತ್‌ರೂಮಿಗೆಂದು ಎದ್ದವನು ಹಾಸಿಗೆಯ ಅಂಚಿನಲ್ಲೇ ಕೂತುಬಿಟ್ಟ. “ತನು, ಕಾಲಲ್ಲಿ ಬಲಾನೇ ಇಲ್ಲ ಕಣೇ. ಕಾಲು ನಂದೇನಾ ನೋಡು” ಎಂದು ತಮಾಷೆ ಮಾಡಿದ. ಅವನ ತುಟಿ ಒಣಗಿತ್ತು. ನರ್ಸ್ ಬಂದು ಎದೆಗೆ ತಂತಿ ಅಂಟಿಸಿ ಇಸಿಜಿ ತೆಗೆದರು, ಆ ಕಾಗದ ನೋಡಿ ಓಡಿಹೋದರು. ಆಸ್ಪತ್ರೆಯಲ್ಲಿ ನರ್ಸು ಓಡಿದರೆ ಏನೆಂದು ನನಗೆ ಈಗ ಗೊತ್ತು. ಹಾಸಿಗೆಯನ್ನೇ ತಳ್ಳಿಕೊಂಡು ಡಯಾಲಿಸಿಸ್‌ಗೆ ಹೋದರು. ನಾನು ಅವನ ಚಪ್ಪಲಿ ಹಿಡಿದುಕೊಂಡು ಹಿಂದೆ ಹೋದೆ. ಯಾಕೆ ಹಿಡಿದುಕೊಂಡಿದ್ದೆನೋ.

ಡಾಕ್ಟರ್ ಶಿರೀಷಾ ನನ್ನನ್ನು ಹೊರಗೆ ಕರೆದರು.

“ಸೊಪ್ಪು ಕೊಟ್ರಾ?”

“ಇಲ್ಲ ಮೇಡಂ.”

“ಎಳನೀರು, ಹಣ್ಣು?”

“ಇಲ್ಲ. ನಾನೇ ಕುಡಿದೆ.”

“ಮತ್ತೆ ಪೊಟ್ಯಾಸಿಯಂ ಹೇಗಮ್ಮ ಏರುತ್ತೆ? ಏನು ಕೊಡ್ತಿದ್ರಿ, ಒಂದೊಂದಾಗಿ ಹೇಳಿ.”

“ಅನ್ನ. ಸಾರು.”

“ಯಾವ ಸಾರು?”

“ಬಸ್ಸಾರು. ಸೊಪ್ಪು ಪಕ್ಕದ ಹಾಸಿಗೆಯವರಿಗೆ ಕೊಟ್ಟು, ಸಾರು ಸೋಸಿಯೇ ಕೊಟ್ಟಿದ್ದು.”

“ಸೊಪ್ಪಲ್ಲಿರೋ ಪೊಟ್ಯಾಸಿಯಂ ಬೇಯಿಸಿದ ನೀರಿಗೆ ಇಳಿದಿರುತ್ತೆ. ಆ ನೀರು ಚೆಲ್ಲಿ, ಸೊಪ್ಪು ಒಂಚೂರು ಕೊಟ್ಟಿದ್ರೂ ಇಷ್ಟು ಆಗ್ತಿರಲಿಲ್ಲ. ನೀವು ಸೊಪ್ಪು ಪಕ್ಕದವರಿಗೆ ಕೊಟ್ಟು ನೀರು ಇವರಿಗೆ ಕೊಟ್ಟಿದ್ದೀರಿ. ಇನ್ನೊಂಚೂರು ಏರಿದ್ರೆ ಹಾರ್ಟ್ ನಿಂತು ಹೋಗ್ತಿತ್ತು.” ಆಮೇಲೆ ದನಿ ಇಳಿಸಿ, “ನಮ್ಮ ಮನೇಲೂ ಬಸ್ಸಾರೇ ಅಮ್ಮ. ಅದನ್ನ ಯಾರೂ ಸೊಪ್ಪು ಅಂದ್ಕೊಳ್ಳಲ್ಲ” ಅಂದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಅಣ್ಣನಿಗೆ ಕಾರಣ ಹೇಳಬೇಡಿ ಎಂದು ಬೇಡಿಕೊಂಡೆ. ನಾನೇ ತಿಳಿಸಿ ಹೇಳುತ್ತೇನೆಂದು ಅವರಿಗೆ ಮಾತು ಕೊಟ್ಟೆ. ಅಣ್ಣನಿಗೆ, ಉಪ್ಪು ಜಾಸ್ತಿ ಆಯಿತಂತೆ ಎಂದೆ. ಅಮ್ಮನಿಗೂ ಅದನ್ನೇ ಹೇಳಿದೆ.

ನಿಮಗೆ ಏನು ಹೇಳಲಿ? ನೀವು ಕಳ್ಳತನದಲ್ಲಿ ಒಲೆಯ ಮುಂದೆ ನಿಂತು ಮಾಡಿದ ಸಾರು ಅದು. ಎರಡು ಪಟ್ಟು ಸೊಪ್ಪು ಹಾಕಿದ್ದು. ಆ ಮಾತು ಹೇಳಬೇಕಾದರೆ ಕಾಮಾಲೆಯಿಂದ ಶುರುಮಾಡಿ ಎಲ್ಲವನ್ನೂ ಬಿಚ್ಚಬೇಕು. ನನ್ನ ಕೈಯಲ್ಲಿ ಆಗುತ್ತಿಲ್ಲ. ಕಾರಿಡಾರಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೇನೆ. ಸಾವಿತ್ರಮ್ಮ, “ಕೂತ್ಕೋ ಬಾರೇ, ನಂಗೆ ತಲೆ ತಿರುಗುತ್ತೆ” ಎನ್ನುತ್ತಿದ್ದಾರೆ.

ತನುಜ


ಚಿಕ್ಕಬಳ್ಳಾಪುರ
19 ಮಾರ್ಚ್

ಅತ್ತಿಗೆ,

ಇನ್ನು ಮುಂದೆ ಊಟ ಕಳಿಸುವುದು ಬೇಡ. ಹೊರಗಿನ ಊಟ ಕೊಡಬಾರದೆಂದು ಹೇಳಿದ್ದಾರೆ. ಆಸ್ಪತ್ರೆಯ ಊಟವೇ ಸಾಕಾಗುತ್ತದೆ. ನಿಮಗೂ ತೊಂದರೆ ತಪ್ಪಿತು.

ಕ್ಯಾರಿಯರನ್ನು ತೊಳೆದು ಕಳಿಸಿದ್ದೇನೆ.

ತನುಜ


ಶಿಡ್ಲಘಟ್ಟ
21 ಮಾರ್ಚ್

ತನುಜ,

ಹೊರಗಿನ ಊಟ ಎಂದು ಬರೆದಿದ್ದೀಯ. ಎರಡು ದಿನ ಆ ಪದವನ್ನೇ ನೋಡಿದೆ. ಹೆಂಡತಿಯ ಮನೆಯಿಂದ ಬಂದದ್ದು ಹೊರಗಿನ ಊಟ. ಒಳ್ಳೆಯದು.

ಇದು ಡಾಕ್ಟರ ಮಾತೋ ನಿಮ್ಮಮ್ಮನ ಮಾತೋ ನನಗೆ ಗೊತ್ತಾಗದೆ ಇಲ್ಲ. ನನ್ನ ಸೀಮಂತದ ದಿನ ಎಲ್ಲರ ಎದುರಿಗೆ, “ನಿಮ್ಮ ಕಡೆ ಸಾರಿಗೆ ಖಾರ ಒಂದು ಬಿಟ್ರೆ ಇನ್ನೇನೂ ಹಾಕಲ್ವಾ ಬೀಗ್ರೇ” ಅಂದಿದ್ದರಲ್ಲ, ಅವತ್ತು ನಮ್ಮಮ್ಮ ನಕ್ಕು ಸುಮ್ಮನಾದಳು. ಈಗ ಮಗ ನಮ್ಮ ಸಾರು ಹೀರಿಕೊಂಡು ಕುಡಿಯುತ್ತಿದ್ದಾನೆ ಎಂದು ಗೊತ್ತಾಗಿರಬೇಕು. ಹೇಳಬೇಡ ಎಂದಿದ್ದೆ. ನೀನೇ ಹೇಳಿರುತ್ತೀಯ.

ತೊಂದರೆ ತಪ್ಪಿತು ಎಂದು ಬೇರೆ ಬರೆದಿದ್ದೀಯ. ನನಗೆ ಅದೊಂದೇ ತೊಂದರೆ ಬೇಕಾಗಿತ್ತು.

ಕ್ಯಾರಿಯರ್ ಬಂತು. ಮೊದಲ ಸಲ ಅದರಲ್ಲಿ ನಿನ್ನ ಕಾಗದ ಇದ್ದೂ ಬರಿದಾಗಿತ್ತು.

ಸೌಜನ್ಯ


ಚಿಕ್ಕಬಳ್ಳಾಪುರ
26 ಮಾರ್ಚ್

ಅತ್ತಿಗೆ,

ಕ್ಯಾರಿಯರ್ ಇಲ್ಲದ್ದರಿಂದ ಚಿಕ್ಕಪ್ಪನ ಕೈಗೇ ಕೊಡುತ್ತಿದ್ದೇನೆ. ಅವರು, “ಏನ್ ತನುಜಮ್ಮ, ಪೋಸ್ಟ್‌ಮ್ಯಾನ್ ಡ್ಯೂಟಿಗೂ ನನ್ನೇ ಹಾಕ್ಕೊಂಡ್ರಾ” ಅಂದರು.

ಅಮ್ಮ ಏನೂ ಹೇಳಿಲ್ಲ. ನಿಮ್ಮ ಸಾರಿನ ವಿಷಯ ನಾನು ಯಾರಿಗೂ ಹೇಳಿಲ್ಲ. ನೀವು ಅಂದುಕೊಂಡದ್ದು ಖಂಡಿತ ಅಲ್ಲ. ಬೇರೆ ಏನೆಂದು ಮುಖತಃ ಹೇಳುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಏನನ್ನೂ ಕಳಿಸಬೇಡಿ. ದಯವಿಟ್ಟು.

ಅಣ್ಣನಿಗೆ ಎರಡು ದಿನ ಚಳಿಜ್ವರ ಬಂದಿತ್ತು, ಈಗ ಬಿಟ್ಟಿದೆ. ಹವೆ ಬದಲಾಗಿದ್ದಕ್ಕೆ ಇರಬೇಕು.

ನಾಲ್ಕು ಸಾಲು ಬರೆಯಿರಿ ಅತ್ತಿಗೆ. ಬೈದಾದರೂ ಬರೆಯಿರಿ.

ತನುಜ


ಶಿಡ್ಲಘಟ್ಟ
30 ಮಾರ್ಚ್, ಯುಗಾದಿ

ತನುಜ,

ಇದು ನಿನಗಲ್ಲ, ನಿಮ್ಮಣ್ಣನಿಗೆ. ಹಬ್ಬದ ದಿನ ಅಳಿಯನಿಗೆ ಒಬ್ಬಟ್ಟು ಕಳಿಸದೆ ಇರುವಷ್ಟು ಬಡವರಲ್ಲ ನಾವು. ಒಬ್ಬಟ್ಟಿನ ಸಾರನ್ನು ಫ್ಲಾಸ್ಕಿನಲ್ಲಿ ಬಿಸಿಯಾಗಿ ಇಟ್ಟಿದ್ದೇನೆ. ನಿನ್ನ ಕೈಗೆ ಕೊಡಬಾರದು, ವಾರ್ಡಿಗೇ ಹೋಗಿ ಅವರ ಕೈಗೇ ಕೊಡಬೇಕೆಂದು ಚಿಕ್ಕಪ್ಪನಿಗೆ ಹೇಳಿದ್ದೇನೆ.

ಸೌಜನ್ಯ


ಚಿಕ್ಕಬಳ್ಳಾಪುರ
1 ಏಪ್ರಿಲ್

ಅತ್ತಿಗೆ,

ಅಣ್ಣ ಬದುಕಿದ್ದಾನೆ. ಅದನ್ನು ಮೊದಲು ಓದಿಕೊಳ್ಳಿ. ಕೂತುಕೊಂಡು ಮುಂದೆ ಓದಿ. ಈ ಕಾಗದದ ಜೊತೆ ಇನ್ನೆರಡು ಕಾಗದಗಳಿವೆ, ಮಾರ್ಚ್ ಹನ್ನೊಂದರದ್ದು ಮತ್ತು ಹದಿನೆಂಟರದ್ದು. ಬರೆದೂ ಕಳಿಸದೆ ಇಟ್ಟುಕೊಂಡಿದ್ದವು. ಅವನ್ನು ಓದಿ ಆಮೇಲೆ ಇಲ್ಲಿಗೆ ಬನ್ನಿ.

ಓದಿದಿರಾ?

ಯುಗಾದಿಯ ದಿನ ಅಮ್ಮನನ್ನು ಇಲ್ಲಿ ಕೂರಿಸಿ ನಾನು ನಗರಗೆರೆಗೆ ಹೋಗಿದ್ದೆ. ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿ, ದೀಪ ಹಚ್ಚಿ ಬರುವುದಕ್ಕೆ. ಮೋಹನ್‌ಬಾಬು ಚಿಕ್ಕಪ್ಪ ಬಂದಾಗ ನಾನಿರಲಿಲ್ಲ. ಫ್ಲಾಸ್ಕಿನ ಮುಚ್ಚಳ ತೆಗೆದಾಗ ಅಣ್ಣ ಎದ್ದು ಕೂತನಂತೆ. ಅಮ್ಮನೇ ಬಡಿಸಿದರು. “ಬೀಗ್ರ ಮನೆಯಿಂದ ಹಬ್ಬದ ಊಟ ಬಂದೈತೆ, ಬೇಡ ಅನ್ನಕ್ಕಾಗುತ್ತಾ? ಉಪ್ಪು ಕಮ್ಮಿ ಇದೆಯಾ ನೋಡಿ ಕುಡಿ” ಅಂದರಂತೆ. ಉಪ್ಪು ಎಂದು ಹೇಳಿದವಳು ನಾನೇ ಅಲ್ಲವೇ? ಅವನು ಚೆನ್ನಾಗಿ ನೋಡಿ, ಉಪ್ಪು ಕಮ್ಮಿಯೇ ಇದೆ ಎಂದು ಎರಡು ಲೋಟ ಕುಡಿದ. ಬೇಳೆ ಬೆಂದ ನೀರು. ಅದರಲ್ಲೂ ಅದೇ ಪೊಟ್ಯಾಸಿಯಂ.

ಸಂಜೆ ನಾನು ಮೆಟ್ಟಿಲು ಹತ್ತುವಾಗ ನಮ್ಮ ವಾರ್ಡಿನ ಕಡೆಗೆ ಜನ ಓಡುತ್ತಿದ್ದರು. ಅವನ ಎದೆಬಡಿತ ನಿಧಾನವಾಗುತ್ತಾ ಹೋಗಿತ್ತು. ಎದೆಯ ಮೇಲೆ ಕೈಯಿಟ್ಟು ಒತ್ತಿದರು ಅತ್ತಿಗೆ. ಪರದೆಯ ಸಂದಿನಲ್ಲಿ ನೋಡಿದೆ. ಅಮ್ಮ ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡೇ ಗೋಡೆಗೆ ಒರಗಿ ನಿಂತಿದ್ದರು. ಸಾವಿತ್ರಮ್ಮ ಬಂದು ಅವರ ಕೈಯಿಂದ ತಟ್ಟೆಯನ್ನು ಬಿಡಿಸಿಕೊಂಡರು.

ಆಮೇಲೆ ಐಸಿಯು. ನಾಲ್ಕು ಗಂಟೆ ಡಯಾಲಿಸಿಸ್. ಈಗ ಎಚ್ಚರವಾಗಿದ್ದಾನೆ. ದಿನಕ್ಕೆ ಒಂದು ಸಲ ಗಾಜಿನಿಂದ ನೋಡಲು ಬಿಡುತ್ತಾರೆ. ಕಿಡ್ನಿಗಳು ಮತ್ತೆ ಕೆಲಸ ಮಾಡುತ್ತವೆಯೋ ಇಲ್ಲವೋ ಯಾರೂ ಹೇಳುತ್ತಿಲ್ಲ.

ನಿಮ್ಮ ಸಾರಿನಿಂದ ಹೀಗಾಯಿತು ಎಂದು ನಾನು ಬರೆಯುತ್ತಿಲ್ಲ. ಮಾರ್ಚ್ ಹತ್ತೊಂಬತ್ತನೆಯ ತಾರೀಕು ನಾನು ಇನ್ನೆರಡು ಸಾಲು ಬರೆದಿದ್ದರೆ ಫ್ಲಾಸ್ಕು ಬರುತ್ತಲೇ ಇರಲಿಲ್ಲ. ಆ ಎರಡು ಸಾಲು ನನ್ನ ಬ್ಯಾಗಿನಲ್ಲೇ ಇದ್ದವು.

ಅಮ್ಮ ಇನ್ನೂ ಬೇಡ ಎನ್ನುತ್ತಿದ್ದಾರೆ. “ಆಗಿದ್ದು ಆಯ್ತು, ಆ ಹುಡುಗೀಗೆ ಹೇಳಿ ಮಗು ಹಾಲಿಗೂ ಕಲ್ಲು ಹಾಕ್ಬೇಡ” ಅಂದರು. ಮೊದಲ ಸಲ ಅವರ ಮಾತು ಮೀರುತ್ತಿದ್ದೇನೆ.

ತನುಜ


ಶಿಡ್ಲಘಟ್ಟ
2 ಏಪ್ರಿಲ್

ತನು,

ಹಬ್ಬದ ದಿನ ವಾರ್ಡಿಗೆ ಹೋಗಿ ಫ್ಲಾಸ್ಕು ಕೊಟ್ಟು ಬಂದ ಚಿಕ್ಕಪ್ಪ, ಆ ಟ್ಯೂಬ್ ನೋಡಿದ್ದರೋ ಏನೋ, ನನ್ನ ಮುಖ ನೋಡದೆ ಹೊರಟುಹೋದರು. ಬಸ್ಸಿನಲ್ಲಿ ಚಿಲ್ಲರೆ ಇಲ್ಲದವರನ್ನೂ ನಗಿಸಿ ಇಳಿಸುವ ಮನುಷ್ಯ. ಅವತ್ತೇ ಗೊತ್ತಾಯಿತು, ಇದು ಕಾಮಾಲೆಯಲ್ಲ. ಏನೆಂದು ಮಾತ್ರ ಗೊತ್ತಿರಲಿಲ್ಲ. ಕೇಳಿದರೆ ಬಾಗಿಲ ಹತ್ತಿರ ನಿಂತು, “ನಿಂಗ್ಯಾಕಮ್ಮ ಅದೆಲ್ಲ” ಅಂದರು.

ನಿನ್ನ ಮೂರೂ ಕಾಗದ ಓದಿದೆ. ಅಳು ಬಂದಿದ್ದು ಆಮೇಲೆ. ಮೊದಲು ಬಂದಿದ್ದು ಕೋಪ. ಯಾರ ಮೇಲೆ ಗೊತ್ತಾ? ಹಾಲಿನ ಮೇಲೆ. ನೀವೆಲ್ಲ ಸೇರಿ ಒಂದು ಹಾಲಿಗಾಗಿ ನನಗೆ ಇಷ್ಟು ದಿನ ಸುಳ್ಳು ಹೇಳಿದಿರಿ. ಈಗ ಕೇಳು. ನನಗೆ ಹಾಲೇ ಇಲ್ಲ. ಹೆರಿಗೆಯಾದ ಮೂರನೇ ವಾರಕ್ಕೇ ನಿಂತುಹೋಯಿತು. ಸಬ್ಬಸಿಗೆ, ಬೆಳ್ಳುಳ್ಳಿ, ಗೋಧಿ ಗಂಜಿ, ಅಮ್ಮ ಮಾಡದ್ದು ಉಳಿದಿಲ್ಲ. ಪಾಪು ಕುಡಿಯುತ್ತಿರುವುದು ಡಬ್ಬಿಯ ಪುಡಿ. ಅದನ್ನೂ ಸರಿಯಾಗಿ ಕುಡಿಯುವುದಿಲ್ಲ, ತೂಕ ಏರಿಲ್ಲ. ಆಸ್ಪತ್ರೆಯಲ್ಲಿ ಮಲಗಿರುವ ಅಪ್ಪನಿಗೆ ಇದನ್ನು ಯಾಕೆ ಹೇಳಬೇಕೆಂದು ಕುಡಿಯುತ್ತಾಳೆ, ಮಲಗುತ್ತಾಳೆ ಎಂದು ಬರೆದೆ. ಹಾಲಿಲ್ಲದ ಸೊಸೆ ಎಂದು ನಿಮ್ಮಮ್ಮ ಅಂದಾರು ಎಂಬ ಹೆದರಿಕೆಯೂ ಇತ್ತು.

ಬತ್ತಿಹೋದ ಹಾಲು ಬತ್ತಬಾರದೆಂದು ನೀವು ಕಾಮಾಲೆ ಅಂದಿರಿ. ಕಾಮಾಲೆ ಅಂದದ್ದಕ್ಕೆ ನಾನು ಸೊಪ್ಪು ಬೇಯಿಸಿದೆ.

ಕಿಡ್ನಿ ಎಂದು ಮೊದಲ ದಿನವೇ ಹೇಳಿದ್ದರೆ ನಾನು ಸತ್ತುಹೋಗುತ್ತಿರಲಿಲ್ಲ ತನು. ಏನು ಮಾಡಬಾರದೆಂದು ಕೇಳುತ್ತಿದ್ದೆ, ಅಷ್ಟೇ. ನನಗೆ ನಾಚಿಕೆಯಿಲ್ಲ, ನಾನು ಕೇಳುತ್ತಿದ್ದೆ.

ಅಮ್ಮನ ಸೊಂಟದಿಂದ ಫೋನು ಕಿತ್ತುಕೊಂಡಿದ್ದೇನೆ. ಆದರೆ ಮಾಡುವುದಿಲ್ಲ. ಈಗ ಮಾಡಿದರೆ ಬರೀ ಅಳುತ್ತೇನೆ. ಅವರು ವಾರ್ಡಿಗೆ ಬಂದ ದಿನ ಹೇಳು. ಅವರಿಗೆ ಏನು ಕೊಡಬಹುದು, ಹೇಗೆ ಬೇಯಿಸಬೇಕು ಎಂಬುದನ್ನು ಆ ಡಾಕ್ಟರಮ್ಮನನ್ನು ಕೇಳಿ ಬರೆದು ಕಳಿಸು. ಹಿಂದೆ ಎಷ್ಟು ಜನ ನಿಂತಿದ್ದರೂ ಕೇಳು.

ಸೌಜನ್ಯ


ಚಿಕ್ಕಬಳ್ಳಾಪುರ
5 ಏಪ್ರಿಲ್

ಅತ್ತಿಗೆ,

ವಾರ್ಡಿಗೆ ಬಂದ. ಅದೇ ಹಾಸಿಗೆ. ಬಂದ ಕೂಡಲೇ ಫ್ಯಾನಿನ ಕಡೆ ನೋಡಿ, “ಇನ್ನೂ ಹಂಗೇ ಇದಾನಾ ಇವನು” ಅಂದ.

ಅವನಿಗೂ ಅಮ್ಮನಿಗೂ ಎಲ್ಲ ಹೇಳಿದೆ. ಸಾರು, ನಿಮ್ಮ ಒಲೆ, ನನ್ನ ಜಾಲರಿ, ಪಾಪುವಿನ ಹಾಲು. ಅಮ್ಮ ಸೆರಗು ಬಾಯಿಗೆ ಹಿಡಿದುಕೊಂಡು, “ಮುನೇಶ ಹುಟ್ಟಿದಾಗ ನಂಗೂ ಇರಲಿಲ್ಲ. ಮೇಕೆ ಹಾಲಲ್ಲಿ ಬೆಳೆದೋನು ಇವನು” ಅಂದರು. ಇಷ್ಟು ವರ್ಷ ನಮಗೆ ಯಾರಿಗೂ ಹೇಳಿರಲಿಲ್ಲ. ಅಣ್ಣ ಊಟದ ಹೊತ್ತಿಗೆ, “ಹಂಗಾದ್ರೆ ಇನ್ನು ಸಾರು ಇಲ್ವಾ?” ಎಂದು ಕೇಳಿದ.

ಡಾಕ್ಟರ್ ಶಿರೀಷಾರನ್ನು ಕೇಳಿದೆ. ಹಿಂದೆ ಎಂಟು ಜನ ಇದ್ದರು. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಬಿಸಿನೀರಿನಲ್ಲಿ ನೆನೆಹಾಕಿ ಆ ನೀರು ಚೆಲ್ಲಬೇಕು. ಮತ್ತೆ ಜಾಸ್ತಿ ನೀರಿನಲ್ಲಿ ಬೇಯಿಸಿ ಆ ನೀರನ್ನೂ ಚೆಲ್ಲಬೇಕು. ಸೋರೆಕಾಯಿ, ಎಲೆಕೋಸು ಆಗಬಹುದು. ಉಪ್ಪು ಚಿಟಿಕೆ. ಒಂದು ಹಿಡಿ ಪಲ್ಯ, ಅನ್ನ, ಅಷ್ಟೇ. ಸಾರು ಬೇಡ.

ಬರುವ ವಾರದಿಂದ ಡಯಾಲಿಸಿಸ್‌ಗೆ ಮಾತ್ರ ಬಂದು ಹೋದರೆ ಸಾಕಾಗಬಹುದು ಎನ್ನುತ್ತಿದ್ದಾರೆ. ಆಗಬಹುದು ಅಂದಿದ್ದಾರೆ, ಆಗುತ್ತದೆ ಅಂದಿಲ್ಲ. ಇನ್ನು ಮೇಲೆ ಅವರು ಎಷ್ಟು ಹೇಳುತ್ತಾರೋ ಅಷ್ಟನ್ನೇ ಬರೆಯುತ್ತೇನೆ.

ತನುಜ


ಶಿಡ್ಲಘಟ್ಟ
8 ಏಪ್ರಿಲ್

ತನು,

ಕ್ಯಾರಿಯರ್ ಕಳಿಸಿದ್ದೇನೆ. ಒಂದೇ ಡಬ್ಬಿಯಲ್ಲಿ ಊಟ ಇದೆ, ಉಳಿದವು ಖಾಲಿ. ಹೆದರಬೇಡ.

ನಿನ್ನೆ ವಿಡಿಯೋದಲ್ಲಿ ಅವರ ಕತ್ತು ನೋಡಿದೆ. ಅವರು ಟವೆಲ್ ಮುಚ್ಚಿಕೊಳ್ಳಲು ಹೋದರು, ತೆಗೆಯಿರಿ ಅಂದೆ. ಪಾಪುವನ್ನು ಫೋನಿಗೆ ಹಿಡಿದೆ. ಅವಳೂ ಟ್ಯೂಬನ್ನೇ ನೋಡಿದಳು. ಯಾರೂ ಸಾಯಲಿಲ್ಲ.

ಇವತ್ತು ಅಡುಗೆಮನೆಗೆ ಅಮ್ಮನ ಎದುರಿಗೇ ಹೋದೆ. ಎಲೆಕೋಸು ನೆನೆಹಾಕಿ ಚೆಲ್ಲಿದೆ, ಅದು ಸುಲಭವಾಗಿತ್ತು. ಬೇಯಿಸಿದ್ದನ್ನು ಬಸಿಯುವಾಗ ಮಾತ್ರ ನನ್ನ ಕೈ ತಾನಾಗಿಯೇ ಕೆಳಗೆ ಪಾತ್ರೆ ಇಟ್ಟುಕೊಂಡಿತು. ಬಸಿಯುವುದು ಎಂದರೆ ಕೆಳಗೆ ಪಾತ್ರೆ ಇಡುವುದು. ನಮ್ಮಮ್ಮ ಹಾಗೆ, ಅವಳಮ್ಮ ಹಾಗೆ. ಬಸಿದಾದ ಮೇಲೆ ಆ ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೋದೆ. ಅಮ್ಮ ಹಿಂದೆಯೇ ಓಡಿಬಂದಳು. ಅವಳಿಗೆ ಹೊಟ್ಟೆಯುರಿದರೆ ತೆಲುಗು ಬರುತ್ತದೆ. “ಸತ್ತುವಂತಾ ಪಾರಬೋಸ್ತಾವಾ? ಸತ್ವಾನೆಲ್ಲ ಚೆಲ್ಲಿ ರೋಗಿಗೆ ಬರೀ ಸಿಪ್ಪೆ ತಿನ್ನಿಸ್ತೀಯಾ?” ಎಂದು ಕೂಗಾಡಿದಳು. ನಾನು ಪಾತ್ರೆ ಹಿಡಿದುಕೊಂಡು ನಿಂತೆ. ಘಮ ಬರುತ್ತಿತ್ತು. ಮುಖಕ್ಕೆ ಹಬೆ ಹೊಡೆಯುತ್ತಿತ್ತು. ಚೆಲ್ಲಲು ಆಗಲೇ ಇಲ್ಲ ತನು. ನೆಲದಲ್ಲಿಟ್ಟು, ಆರುವವರೆಗೆ ಪಕ್ಕದಲ್ಲೇ ಕೂತಿದ್ದೆ. ಆಮೇಲೆ ಕರಿಬೇವಿನ ಬುಡಕ್ಕೆ ಹಾಕಿದೆ. ಅಮ್ಮ ಒಳಗೆ ಹೋಗಿ ಪಾಪುವಿಗೆ ಪುಡಿ ಕಲಸಿಕೊಂಡು ಬಂದಳು.

ರುಚಿ ನೋಡಿದೆ. ಒದ್ದೆ ಕಾಗದದ ಹಾಗಿದೆ. ಆದರೂ ಕಳಿಸುತ್ತಿದ್ದೇನೆ. ತಿಂದು ಏನಂದರೆಂದು ನೀನು ಬರೆಯಬೇಡ. ನೀನು ತಿದ್ದಿ ಚೆಂದ ಮಾಡಿ ಬರೆಯುತ್ತೀಯ. ಅವರ ಕೈಯಲ್ಲೇ ಬರೆಸು.

ಸೌಜನ್ಯ


ಚಿಕ್ಕಬಳ್ಳಾಪುರ
9 ಏಪ್ರಿಲ್

ಅತ್ತಿಗೆ,

ಡಬ್ಬಿ ತೊಳೆದಿದ್ದೇನೆ. ನಾನೇನೂ ಬರೆಯುವುದಿಲ್ಲ. ಕೆಳಗಿರುವುದು ಅಣ್ಣನ ಅಕ್ಷರ. ಬೆರಳಿಗೆ ಇನ್ನೂ ಬಲ ಬಂದಿಲ್ಲ, ಕೂಡಿಸಿಕೊಂಡು ಓದಿ.

ಸೌಜಿ,
ಒಂಚೂರೂ ಚೆನ್ನಾಗಿಲ್ಲ. ನಾಳೆನೂ ಕಳಿಸು.